ರೇಷ್ಮೆಗೂಡನ್ನು ಕೊರೆಯುವ ಡರ್ಮೆಸ್ಟಿಸ್ ದುಂಬಿ

ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ತಾಲ್ಲೂಕುಗಳಲ್ಲಿ ರೇಷ್ಮೆಹುಳು ಸಾಕುವ ರೈತರು ಕೂಡಿಟ್ಟ ಗೂಡುಗಳಲ್ಲಿ ತೂತು ಕಂಡೊಡನೆ ಊಜಿ ನೊಣದ ಮೇಲೆ ತಪ್ಪು ಹೊರಿಸುವುದುಂಟು. 1980ರಲ್ಲಿ ಕರ್ನಾಟಕವನ್ನು ಹೊಕ್ಕ ಆ ನೊಣದ ಹಾವಳಿಯು ದೊಡ್ಡದೇ ಸರಿ; ಆದರೆ ತೂತುಗಳೆಲ್ಲವೂ ಅದರ ಕೆಲಸವಲ್ಲ. ಶತ್ರುವನ್ನು ತಪ್ಪಾಗಿ ಗುರುತಿಸಿದವನು ಕಿಟಕಿಗೆ ಬಲೆ ಕಟ್ಟಿಯೂ ನಷ್ಟವನ್ನನುಭವಿಸುವನು.

ಊಜಿಯ ಮರಿಯು ಹೊರಬಂದ ಗೂಡಿನಲ್ಲಿ ದುಂಡಾದ ಸಣ್ಣ ರಂಧ್ರವಿರುವುದು. ಚಿಟ್ಟೆಯು ಹೊರಬಿದ್ದಿದ್ದರೆ ಗೂಡಿನ ಒಂದು ತುದಿ ಮಾತ್ರ ತೆರೆದಿರುವುದು. ಡರ್ಮೆಸ್ಟಿಸ್ ಕೊರೆದ ರಂಧ್ರಕ್ಕೆ ನಿಯಮವಿಲ್ಲ. ಅಂಚು ಹರಕಾಗಿ, ಎಲ್ಲೆಂದರಲ್ಲಿ ಇರುವುದು. ಅಂತಹ ಗೂಡನ್ನು ಬಿಳಿಯ ಕಾಗದದ ಮೇಲೆ ಕೊಡವಿದರೆ ಪುಡಿಯೂ, ರೋಮವುಳ್ಳ ಪೊರೆಗಳೂ ಉದುರುವುವು. ಒಳಗಿನ ಕೋಶವು ಬರಿಯ ಸಿಪ್ಪೆಯಾಗಿರುವುದು. ಎಳೆಯು ಅಲ್ಲಲ್ಲಿ ತುಂಡಾಗಿರುವುದರಿಂದ ಆ ಗೂಡಿನಿಂದ ನೂಲು ತೆಗೆಯಲಾಗದು.

ದುಂಬಿಯು ಕಪ್ಪು ಬಣ್ಣದ್ದು; ಮರಿಯು ಕಂದು, ಮೈತುಂಬ ರೋಮ. ಇದಕ್ಕೆ ಬೇಕಾದುದು ರೇಷ್ಮೆಯಲ್ಲ, ಒಳಗೆ ಒಣಗಿರುವ ಹುಳುವಿನ ಮಾಂಸ. ಇದರ ಹತ್ತಿರದ ಬಂಧುವಾದ ಆಂಥ್ರೀನಸ್ ದುಂಬಿಯು ಕಂಬಳಿ, ಜಮಖಾನೆಗಳನ್ನಲ್ಲದೆ, ವಿದ್ವಾಂಸರು ಸೂಜಿಗೆ ಚುಚ್ಚಿ ಕಾಪಾಡಿದ ಕೀಟಗಳನ್ನೂ ಪುಡಿಮಾಡುತ್ತದೆ. ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞರಾಗಿ ಬಂದಂದಿನಿಂದ ಇಲ್ಲಿ ಬೆಳೆದ ಈ ಶಾಸ್ತ್ರಕ್ಕೆ ಕೀಟಸಂಗ್ರಹಗಳೇ ಆಧಾರ. ಅಂತಹ ಪೆಟ್ಟಿಗೆಗಳಲ್ಲಿ ಕೀಟದ ಕೆಳಗೆ ಚಿಟಿಕೆ ಪುಡಿ ಬಿದ್ದಿತೆಂದರೆ ದುಂಬಿ ಸೇರಿತೆಂದೇ ಅರ್ಥ. ಅಲ್ಲಿ ಬಿಗಿಯಾದ ಮುಚ್ಚಳವೂ ನುಸಿಗುಳಿಗೆಯೂ ರಕ್ಷೆ. ಹುಳುಮನೆಯಲ್ಲಿ ನುಸಿಗುಳಿಗೆ ಸಲ್ಲದು. ಅದರ ಆವಿಯು ರೇಷ್ಮೆಹುಳುವಿಗೂ ಕೇಡು.

ಬಿಡಿಸಿದ ಗೂಡನ್ನು ಒಂದೆರಡು ದಿನಗಳಲ್ಲಿ ವಿಜಯಪುರದ ಮಾರುಕಟ್ಟೆಗೆ ಸಾಗಿಸುವವರಿಗೆ ಭಯ ಕಡಿಮೆ. ಮಾರದೆ ಉಳಿದ ಜಳ್ಳುಗೂಡು, ತೂತುಗೂಡು, ಸತ್ತ ಹುಳುಗಳನ್ನು ಚೀಲಕ್ಕೆ ತುಂಬಿ ಮೂಲೆಗೆಸೆಯುವುದೇ ಕೇಡಿನ ಮೂಲ. ದುಂಬಿಯು ಆ ಚೀಲದಲ್ಲಿ ಮೊಟ್ಟೆಯಿಟ್ಟು ವಂಶವನ್ನು ಬೆಳೆಸಿಕೊಂಡು ಮುಂದಿನ ಬೆಳೆಯ ಗೂಡಿಗೆ ಹತ್ತುವುದು. ಬಲಿತ ಮರಿಗಳು ಕೋಶವಾಗಲು ಮರವನ್ನೂ ಕೊರೆಯುವುದರಿಂದ ಹಳೆಯ ಚಂದ್ರಿಕೆ, ತಟ್ಟೆಗಳ ಸಂದುಗಳನ್ನೂ ನೋಡತಕ್ಕದ್ದು.

ಆದುದರಿಂದ ಕಸುಗೂಡನ್ನು ಹುಳುಮನೆಯಿಂದ ದೂರದಲ್ಲಿಟ್ಟು ಬೇಗನೆ ವಿಲೇವಾರಿ ಮಾಡಬೇಕು. ಸತ್ತ ಹುಳುಗಳನ್ನು ಸುಡಬೇಕು. ಗೋಡೆಯ ಬಿರುಕುಗಳನ್ನು ಮುಚ್ಚಿ, ಸಲಕರಣೆಗಳನ್ನು ತೊಳೆದು ಬಿರುಬಿಸಿಲಿನಲ್ಲಿ ಒಣಗಿಸಬೇಕು. ಕೀಟನಾಶಕವನ್ನು ಹುಳುಮನೆಯೊಳಗೆ ಸಿಂಪಡಿಸುವುದು ದುಂಬಿಯೊಡನೆ ಬೆಳೆಯನ್ನೂ ಕಳೆದುಕೊಂಡಂತೆ. ನೆರೆಯವನ ಮನೆಯ ಕಸುಗೂಡಿನಿಂದಲೂ ದುಂಬಿ ಹಾರಿಬರುವುದಾದ್ದರಿಂದ, ಊರಿನ ಮುಖ್ಯಸ್ಥರು ಪ್ರತಿ ಬೆಳೆಯ ತರುವಾಯ ಎಲ್ಲ ಹುಳುಮನೆಗಳನ್ನೂ ಒಂದೇ ವಾರದಲ್ಲಿ ಶುಚಿಮಾಡಿಸುವ ಏರ್ಪಾಡು ಮಾಡುವುದು ಯುಕ್ತವು.