ಕುಸ್ತಿ ಅಖಾಡದಿಂದ ಕನ್ನಡ ತರಗತಿಗೆ: ಕ್ರೀಡಾ ಚಿತ್ರಗಳ ಮೂಲಕ ಅಭಿಪ್ರಾಯ ಬರಹ

ತರಗತಿ: 9
ವಿಷಯ: ಪ್ರಥಮ ಭಾಷೆ ಕನ್ನಡ
ಕಲಿಕಾಂಶ: ಆಧಾರ ಸಹಿತ ಅಭಿಪ್ರಾಯ ಬರೆಯುವುದು
ಅವಧಿ: ತಲಾ 40 ನಿಮಿಷದ 2 ಅವಧಿಗಳು
ಬೋಧನಾಭ್ಯಾಸ ಪ್ರದೇಶ: ದಾವಣಗೆರೆ ನಗರ ಮತ್ತು ಹರಿಹರ

ಪೀಠಿಕೆ

‘ನಿಮಗೆ ಇಷ್ಟವಾದ ಚಲನಚಿತ್ರ’ ಎಂಬ ವಿಷಯ ಕೊಟ್ಟರೆ ಮಕ್ಕಳ ಬರಹ ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿ ಬರುತ್ತದೆ. ಸಿನಿಮಾ ಸೂಪರ್, ಫೈಟ್ ಚೆನ್ನಾಗಿದೆ, ಎಲ್ಲರೂ ನೋಡಬೇಕು. ಇದೇ ಮಕ್ಕಳು ಮೈದಾನದಲ್ಲಿ ನಿಂತು ಅದೇ ಚಿತ್ರದ ಬಗ್ಗೆ ಮಾತಾಡುವಾಗ ಕಾರಣ ಕೊಡುತ್ತಾರೆ, ಹೋಲಿಸುತ್ತಾರೆ, ಎದುರು ವಾದಕ್ಕೆ ಉತ್ತರಿಸುತ್ತಾರೆ. ಆ ಮಾತಿನ ಬಲವನ್ನು ಬರಹಕ್ಕೆ ತರುವುದು ಈ ಪಾಠದ ಗುರಿ.

ಇದಕ್ಕೆ ಕ್ರೀಡಾ ಚಿತ್ರಗಳನ್ನೇ ಆರಿಸಲು ಸ್ಥಳೀಯ ಕಾರಣವಿದೆ. ದಾವಣಗೆರೆ ಕುಸ್ತಿಯ ಊರು. ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ಬೇರೆ ಬೇರೆ ಊರುಗಳಿಂದ ಪೈಲ್ವಾನರು ಬರುತ್ತಾರೆ. ಗರಡಿಗೆ ಹೋಗುವ ಅಣ್ಣನೋ ಚಿಕ್ಕಪ್ಪನೋ ಇರುವ ಮಗು ನಮ್ಮ ಬೋಧನಾಭ್ಯಾಸದ ತರಗತಿಯಲ್ಲಿ ಇರುವ ಸಾಧ್ಯತೆ ಹೆಚ್ಚು. ಪಟ್ಟುಗಳ ವಿಷಯದಲ್ಲಿ ಆ ಮಗುವಿಗೆ ಶಿಕ್ಷಕರಿಗಿಂತ ಹೆಚ್ಚು ಗೊತ್ತಿರುತ್ತದೆ. ಪಾಠ ಆ ತಿಳಿವಳಿಕೆಗೆ ಜಾಗ ಕೊಡಬೇಕು.

ಕಲಿಕಾ ಫಲಗಳು

1. ಅಭಿಪ್ರಾಯ, ಕಾರಣ, ಆಧಾರ ಇವುಗಳ ವ್ಯತ್ಯಾಸ ಗುರುತಿಸುವರು.
2. ಒಂದೇ ಬಗೆಯ ಎರಡು ಕಥೆಗಳನ್ನು ಹೋಲಿಸಿ ಮಾತನಾಡುವರು.
3. ತೆರೆಯ ಮೇಲಿನ ಆಟವನ್ನು ನಿಜವಾದ ಆಟದೊಂದಿಗೆ ಒರೆಹಚ್ಚಿ ನೋಡುವರು.
4. ಮೆಚ್ಚಿದ ನಟನ ಚಿತ್ರದ ಬಗ್ಗೆಯೂ ಒಂದು ಮೆಚ್ಚುಗೆ, ಒಂದು ಪ್ರಶ್ನೆ ಇರುವ 12–15 ವಾಕ್ಯಗಳ ಬರಹ ಸಿದ್ಧಪಡಿಸುವರು.

ಶಿಕ್ಷಕರಿಗೆ ವಿಷಯ ಹಿನ್ನೆಲೆ

ಕನ್ನಡದ ಸಾಹಸ ನಾಯಕರು ಕ್ರೀಡಾಪಟುವಾಗಿ ನಟಿಸಿದ ಮೂರು ಚಿತ್ರಗಳು ಸಾಕು. ಪುರಿ ಜಗನ್ನಾಥ್ ನಿರ್ದೇಶನದ ‘ಯುವರಾಜ’ (2001), ನಾಯಕ ಶಿವರಾಜ್‌ಕುಮಾರ್. ಎಸ್. ನಾರಾಯಣ್ ನಿರ್ದೇಶನದ ‘ಮೌರ್ಯ’ (2004), ನಾಯಕ ಪುನೀತ್ ರಾಜ್‌ಕುಮಾರ್. ಎಸ್. ಕೃಷ್ಣ ನಿರ್ದೇಶನದ ‘ಪೈಲ್ವಾನ್’ (2019), ನಾಯಕ ಸುದೀಪ್. ಮೊದಲ ಎರಡರಲ್ಲಿ ಕಿಕ್‌ಬಾಕ್ಸಿಂಗ್ ಇದೆ. ಮೂರನೆಯದರಲ್ಲಿ ಕುಸ್ತಿಯಲ್ಲಿ ಬೆಳೆದವನು ಕೊನೆಗೆ ಬಾಕ್ಸಿಂಗ್ ರಿಂಗಿಗೆ ಇಳಿಯುತ್ತಾನೆ.

ಈ ಮೂರರಲ್ಲಿ ಎರಡು ನೇರ ರೀಮೇಕ್. ‘ಯುವರಾಜ’ದ ಮೂಲ ತೆಲುಗಿನ ‘ತಮ್ಮುಡು’ (1999). ಆ ತೆಲುಗು ಚಿತ್ರವು ಸೈಕಲ್ ಪಂದ್ಯದ ಹಿಂದಿ ಚಿತ್ರ ‘ಜೋ ಜೀತಾ ವಹೀ ಸಿಕಂದರ್’ (1992) ಕಥೆಯ ಎಳೆ ಹಿಡಿದದ್ದು. ‘ಮೌರ್ಯ’ದ ಮೂಲ ತೆಲುಗಿನ ‘ಅಮ್ಮ ನಾನ್ನ ಓ ತಮಿಳ ಅಮ್ಮಾಯಿ’ (2003). ಸೈಕಲ್ ಹೋಗಿ ಕಿಕ್‌ಬಾಕ್ಸಿಂಗ್ ಬಂದರೂ ಕಥೆ ನಿಲ್ಲುತ್ತದೆ ಎಂದರೆ, ಕಥೆಯನ್ನು ಹಿಡಿದಿಟ್ಟಿರುವುದು ಆಟವಲ್ಲ, ಮತ್ತೇನೋ. ಅದೇನು ಎಂದು ಹುಡುಕುವುದೇ ಪಾಠದ ಮುಖ್ಯ ಪ್ರಶ್ನೆ.

ಉತ್ತರಕ್ಕೆ ಮೂರು ಕಥೆಗಳನ್ನು ಪಕ್ಕಪಕ್ಕ ಇಡಬೇಕು. ‘ಯುವರಾಜ’ದಲ್ಲಿ ಪೆಟ್ಟು ತಿಂದ ಅಣ್ಣನ ಜಾಗದಲ್ಲಿ, ಉಡಾಳ ಎನಿಸಿಕೊಂಡ ತಮ್ಮ ರಿಂಗಿಗೆ ಇಳಿಯುತ್ತಾನೆ. ‘ಮೌರ್ಯ’ದಲ್ಲಿ ತಾಯಿಯ ನೆರಳಲ್ಲಿ ಬೆಳೆದ ಮಗ, ದೂರವಿದ್ದ ತಂದೆಯ ಬಳಿಗೆ ಬರುತ್ತಾನೆ. ‘ಪೈಲ್ವಾನ್’ನಲ್ಲಿ ಅನಾಥ ಹುಡುಗನನ್ನು ಸಾಕಿ ಪಳಗಿಸಿದ ಸರ್ಕಾರ್ (ಸುನೀಲ್ ಶೆಟ್ಟಿ) ಮತ್ತು ಆ ಶಿಷ್ಯನ ನಡುವೆ ಮುನಿಸು ಬರುತ್ತದೆ. ಮೂರರಲ್ಲೂ ಕೊನೆಯ ಪಂದ್ಯ ಮನೆಯ ಒಂದು ಋಣವನ್ನು ತೀರಿಸುತ್ತದೆ. ಪ್ರೇಕ್ಷಕರು ಅಂಕ ಎಣಿಸುವುದಿಲ್ಲ. ಅಪ್ಪ ಮಗನನ್ನು ಒಪ್ಪಿಕೊಂಡನೇ, ಗುರು ಶಿಷ್ಯನನ್ನು ಕ್ಷಮಿಸಿದನೇ ಎಂದು ಕಾಯುತ್ತಾರೆ. ವರ್ಷಗಳ ಮೇಲೆ ಟೀವಿಯಲ್ಲಿ ಬಂದಾಗಲೂ ಜನ ಕೂತು ನೋಡುವುದು ಇದಕ್ಕೇ ಇರಬಹುದು.

ಹೊರಗಿನ ಹೋಲಿಕೆಗೆ ಸಿಲ್ವೆಸ್ಟರ್ ಸ್ಟಲೋನ್ ಅವರ ‘ರಾಕಿ’ (1976) ಇದೆ. ಚಿತ್ರಕಥೆ ಬರೆದ ಸ್ಟಲೋನ್, ನಾಯಕನ ಪಾತ್ರ ತನಗೇ ಬೇಕೆಂದು ಪಟ್ಟು ಹಿಡಿದರು. ಕಡಿಮೆ ಖರ್ಚಿನ ಆ ಚಿತ್ರ ಅತ್ಯುತ್ತಮ ಚಿತ್ರವೂ ಸೇರಿ 3 ಆಸ್ಕರ್ ಪಡೆಯಿತು. ಫಿಲಡೆಲ್ಫಿಯಾ ಕಲಾ ಸಂಗ್ರಹಾಲಯದ 72 ಮೆಟ್ಟಿಲುಗಳನ್ನು ಜನ ಇಂದಿಗೂ ರಾಕಿಯಂತೆ ಓಡಿ ಹತ್ತುತ್ತಾರೆ. ಮುಖ್ಯವಾದ ಸಂಗತಿ: ಕೊನೆಯ ಪಂದ್ಯದಲ್ಲಿ ರಾಕಿ ಅಂಕಗಳ ಮೇಲೆ ಸೋಲುತ್ತಾನೆ. 15 ಸುತ್ತು ನಿಂತೆನಲ್ಲ ಎಂಬುದೇ ಅವನ ಗೆಲುವು. ಸೋತ ನಾಯಕನನ್ನು ಜನ ಸುಮಾರು ಐವತ್ತು ವರ್ಷ ಏಕೆ ನೆನಪಿಟ್ಟುಕೊಂಡರು ಎಂಬ ಪ್ರಶ್ನೆ 9ನೇ ತರಗತಿಗೆ ಚೆನ್ನಾಗಿ ಒಗ್ಗುತ್ತದೆ.

ಮೊದಲ ಅವಧಿ

ಹಂತ 1: ಪೂರ್ವಜ್ಞಾನ (8 ನಿಮಿಷ). ಕುಸ್ತಿಯ ಪದಗಳನ್ನು ಮಕ್ಕಳಿಂದಲೇ ಸಂಗ್ರಹಿಸಿ: ಗರಡಿ, ಅಖಾಡ, ಮಟ್ಟಿ, ಪಟ್ಟು, ಉಸ್ತಾದ್, ಚಿತ್ ಮಾಡುವುದು. ‘ಚಿತ್ ಎಂದರೇನು?’ ಎಂದು ಕೇಳಿ. ಎರಡೂ ಭುಜ ನೆಲಕ್ಕೆ ತಾಗಬೇಕು ಎಂಬ ಉತ್ತರ ಬರುತ್ತದೆ. ತಿಳಿದ ಮಗು ಎದ್ದು ವಿವರಿಸಲಿ, ಶಿಕ್ಷಕರು ಕೇಳುಗರಾಗಲಿ. ಮಾಡಿ ತೋರಿಸುವುದು ಬೇಡ, ಮಾತಿನಲ್ಲೇ ಸಾಕು.

ಹಂತ 2: ಕಥೆಯ ಎಳೆ ಬಿಡಿಸುವುದು (15 ನಿಮಿಷ). ನಾಲ್ಕು ಗುಂಪು ಮಾಡಿ. ಮೂರು ಗುಂಪಿಗೆ ಒಂದೊಂದು ಕನ್ನಡ ಚಿತ್ರದ, ನಾಲ್ಕನೆಯದಕ್ಕೆ ‘ರಾಕಿ’ಯ ಐದು ಸಾಲಿನ ಕಥಾಸಾರವನ್ನು ಚೀಟಿಯಲ್ಲಿ ಕೊಡಿ. ಪ್ರೊಜೆಕ್ಟರ್ ಬೇಕಿಲ್ಲ. ಪ್ರತಿ ಗುಂಪು ನಾಲ್ಕು ಪ್ರಶ್ನೆಗೆ ಉತ್ತರಿಸಲಿ:

• ನಾಯಕನಿಗೆ ಇಲ್ಲದ್ದು ಏನು?
• ಕಲಿಸಿದವರು ಯಾರು?
• ಕೊನೆಯ ಪಂದ್ಯ ಯಾರಿಗಾಗಿ?
• ಪಂದ್ಯ ಸೋತಿದ್ದರೆ ಕಥೆ ಕೆಡುತ್ತಿತ್ತೇ?

ಹಂತ 3: ಕಪ್ಪುಹಲಗೆ ಕೆಲಸ (12 ನಿಮಿಷ). ಉತ್ತರಗಳನ್ನು ನಾಲ್ಕು ಕಂಬಸಾಲಿನಲ್ಲಿ ಬರೆಯಿರಿ. ಮೂರನೆಯ ಸಾಲು ತುಂಬಿದಾಗ ‘ಅಣ್ಣನಿಗಾಗಿ’, ‘ಅಪ್ಪನ ಮುಂದೆ’, ‘ಗುರುವಿನ ಮುಂದೆ’, ‘ತನಗಾಗಿ’ ಎಂಬ ಮಾತುಗಳು ಎದ್ದು ಕಾಣುತ್ತವೆ. ತೀರ್ಮಾನವನ್ನು ಶಿಕ್ಷಕರು ಹೇಳಬಾರದು. ‘ಏನು ಕಾಣುತ್ತಿದೆ?’ ಎಂದು ಕೇಳಿ ಸುಮ್ಮನಿರಬೇಕು. ಪ್ರಶಿಕ್ಷಣಾರ್ಥಿಗಳಿಗೆ ಈ ಸುಮ್ಮನಿರುವಿಕೆಯೇ ಕಷ್ಟ. ವೀಕ್ಷಕರು ಇದನ್ನು ವಿಶೇಷವಾಗಿ ಗಮನಿಸಲಿ.

ಉಳಿದ 5 ನಿಮಿಷ ಮನೆಗೆಲಸ ವಿವರಿಸಲು: ಮನೆಯ ಹಿರಿಯರೊಬ್ಬರು ಇಂದಿಗೂ ಮೆಚ್ಚುವ ಒಂದು ಚಿತ್ರ ಯಾವುದು, ಏಕೆ ಎಂದು ಕೇಳಿ ಎರಡು ವಾಕ್ಯ ಬರೆದು ತರಬೇಕು.

ಎರಡನೇ ಅವಧಿ

ಹಂತ 4: ತೆರೆ ಮತ್ತು ನಿಜ (15 ನಿಮಿಷ). ಫ್ರೀಸ್ಟೈಲ್ ಕುಸ್ತಿಯಲ್ಲಿ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡ್ ವಿರಾಮ. 10 ಅಂಕಗಳ ಅಂತರ ಬಂದರೆ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಸಿನಿಮಾದಲ್ಲಿ ವರ್ಷಗಳ ತಾಲೀಮು ಒಂದು ಹಾಡಿನಲ್ಲಿ ಮುಗಿಯುತ್ತದೆ. ಒಂದು ನಿಖರ ಉದಾಹರಣೆ ಕೊಡಿ: ‘ದಂಗಲ್’ (2016) ಚಿತ್ರದಲ್ಲಿ ಗೀತಾ ಫೋಗಟ್ ಅವರ 2010ರ ಕಾಮನ್‌ವೆಲ್ತ್ ಫೈನಲ್ ಕೊನೆಯ ಕ್ಷಣದವರೆಗೂ ಎಳೆಯುತ್ತದೆ, ತಂದೆಯನ್ನು ಕೋಣೆಯಲ್ಲಿ ಕೂಡಿಹಾಕಲಾಗುತ್ತದೆ. ನಿಜದಲ್ಲಿ ಅವರು ಆ ಪಂದ್ಯವನ್ನು ಸುಲಭವಾಗಿ ಗೆದ್ದರು; ತಂದೆಯನ್ನು ಯಾರೂ ಕೂಡಿಹಾಕಿರಲಿಲ್ಲ. ‘ನಿರ್ದೇಶಕರು ಹೀಗೇಕೆ ಬದಲಿಸಿದರು? ಇದು ಸುಳ್ಳೋ, ಕಥೆಯ ಅಗತ್ಯವೋ?’ ಎರಡೂ ಕಡೆ ವಾದ ಬರಲಿ. ಮೂರು ಕನ್ನಡ ಚಿತ್ರಗಳಲ್ಲಿಯೂ ಆಡುವವನು ಗಂಡಸೇ ಎಂಬುದನ್ನು ಹುಡುಗಿಯರು ಎತ್ತಬಹುದು. ಎತ್ತಿದರೆ ಅದಕ್ಕೆ ಸಮಯ ಕೊಡಿ.

ಹಂತ 5: ಬರಹ (20 ನಿಮಿಷ). ‘ಹಿರಿಯರು ಮೆಚ್ಚಿದ ಚಿತ್ರ ಇಂದಿಗೂ ಏಕೆ ನಿಂತಿದೆ?’ ಅಥವಾ ‘ನಾನು ಮೆಚ್ಚಿದ ಕ್ರೀಡಾ ಚಿತ್ರ: ಒಂದು ಮೆಚ್ಚುಗೆ, ಒಂದು ಪ್ರಶ್ನೆ.’ ಎರಡರಲ್ಲಿ ಒಂದು. ‘ಸೂಪರ್’, ‘ಚೆನ್ನಾಗಿದೆ’ ಎಂಬ ಪದ ಬಳಸಿದರೆ ಮುಂದಿನ ವಾಕ್ಯ ‘ಏಕೆಂದರೆ’ ಎಂದೇ ಆರಂಭವಾಗಬೇಕು. ಕೊನೆಯ 5 ನಿಮಿಷದಲ್ಲಿ ಇಬ್ಬರು ಓದಲಿ.

ಮೌಲ್ಯಮಾಪನ (10 ಅಂಕ)

ಸ್ಪಷ್ಟ ಅಭಿಪ್ರಾಯ 2, ಕಾರಣ 2, ಚಿತ್ರದಿಂದಲೇ ಆಯ್ದ ಆಧಾರ 3, ಎದುರು ಅಭಿಪ್ರಾಯದ ಪ್ರಸ್ತಾಪ 2, ಭಾಷಾಶುದ್ಧಿ 1. ಯಾವ ಚಿತ್ರ, ಯಾವ ನಟ ಎಂಬುದಕ್ಕೆ ಅಂಕವಿಲ್ಲ ಎಂದು ಮೊದಲೇ ತಿಳಿಸಿ.

ಎಚ್ಚರಿಕೆಗಳು

ಮೊದಲನೆಯದು ಅಭಿಮಾನ. ನಟರ ಹೆಸರಿನಲ್ಲಿ ಮಕ್ಕಳು ಬಣಗಳಾಗುವುದು ನಮಗೆ ಹೊಸದಲ್ಲ. 2021ರ ಅಕ್ಟೋಬರ್ 29ರಂದು ತೀರಿಕೊಂಡ ಪುನೀತ್ ಅವರ ಚಿತ್ರದ ಬಗ್ಗೆ ಪ್ರಶ್ನೆ ಎತ್ತುವುದೇ ತಪ್ಪು ಎಂದು ಕೆಲವು ಮಕ್ಕಳಿಗೆ ಅನಿಸೀತು. ಆ ಭಾವನೆಯನ್ನು ಅಲ್ಲಗಳೆಯಬೇಡಿ. ಹಲಗೆಯ ಮೇಲೆ ನಟನ ಹೆಸರಿನ ಬದಲು ‘ಮಗ’, ‘ಗುರು’, ‘ತಮ್ಮ’ ಎಂದು ಪಾತ್ರವನ್ನೇ ಬರೆಯಿರಿ. ಪ್ರಶ್ನೆ ಪಾತ್ರಕ್ಕೆ ಹೋಗುತ್ತದೆ, ವ್ಯಕ್ತಿಗೆ ತಾಗುವುದಿಲ್ಲ.

ಎರಡನೆಯದು ಅನುಕರಣೆ. ಪಾಠ ಮುಗಿದ ಮೇಲೆ ವಿರಾಮದಲ್ಲಿ ಪಟ್ಟು ಹಾಕಿ ನೋಡುವ ಉತ್ಸಾಹ ಬರುತ್ತದೆ. ಮ್ಯಾಟು, ಮಟ್ಟಿ, ಉಸ್ತಾದರ ಕಣ್ಣು ಇಲ್ಲದ ಕಡೆ ಕತ್ತಿಗೂ ಬೆನ್ನಿಗೂ ಅಪಾಯ ಎಂದು ದೈಹಿಕ ಶಿಕ್ಷಕರಿಂದಲೇ ಎರಡು ಮಾತು ಹೇಳಿಸಿ. ಸಿನಿಮಾದ ಹೊಡೆತ ಅಳತೆ ಹಾಕಿ ಮಾಡಿದ್ದು, ನಿಜವಾದದ್ದಲ್ಲ ಎಂಬುದೂ ಹಂತ 4ರ ಭಾಗವೇ.

ಮೂರನೆಯದು ಹೋಲಿಕೆಯ ಭಾರ. ನಿಜವಾಗಿ ಕುಸ್ತಿ ಕಲಿಯುವ ಮಗು ತರಗತಿಯಲ್ಲಿದ್ದರೆ, ‘ನೀನೂ ಪೈಲ್ವಾನ್ ಆಗುತ್ತೀಯಾ’ ಎಂದು ಅವನನ್ನು ಚಿತ್ರದ ನಾಯಕನೊಂದಿಗೆ ತೂಗಬೇಡಿ. ಅವನು ಬೆಳಿಗ್ಗೆ ಎಷ್ಟಕ್ಕೆ ಏಳುತ್ತಾನೆ, ಏನು ತಿನ್ನುತ್ತಾನೆ, ಸೋತ ದಿನ ಉಸ್ತಾದರು ಏನೆನ್ನುತ್ತಾರೆ ಎಂದು ಕೇಳಿ. ಒಂದು ಹಾಡಿನಲ್ಲಿ ಮುಗಿಯದ ತಾಲೀಮಿನ ಬಗ್ಗೆ ಆ ಮಗು ಹೇಳುವ ನಾಲ್ಕು ಮಾತು, ಉಳಿದವರ ಬರಹಕ್ಕೆ ಸಿಗುವ ಅತ್ಯುತ್ತಮ ಆಧಾರ.

ಪ್ರಶಿಕ್ಷಣಾರ್ಥಿಗಳಿಗೆ ಕೆಲಸ

ಪಾಠ ಮಾಡಿದ ದಿನವೇ ಮೂರು ಉತ್ತರ ಪತ್ರಿಕೆಗಳನ್ನು ಆರಿಸಿ, ಅಭಿಪ್ರಾಯಕ್ಕೆ ಒಂದು ಬಣ್ಣ, ಆಧಾರಕ್ಕೆ ಇನ್ನೊಂದು ಬಣ್ಣದಲ್ಲಿ ಗೆರೆ ಎಳೆಯಿರಿ. ಎರಡನೇ ಬಣ್ಣ ಎಲ್ಲಿ ಕಡಿಮೆಯೋ ಅಲ್ಲಿಂದ ಮುಂದಿನ ಪಾಠ ಆರಂಭಿಸಿ. ಗುರುತು ಹಾಕಿದ ಪುಟಗಳನ್ನು ಚರ್ಚಾ ಅವಧಿಗೆ ತನ್ನಿ.