ಮನೆಯ ಲೋಹಗಳಿಗೆ ವರ್ಣಲೇಪನ

'ಬಣ್ಣ' ಎಂಬುದು ಸಂಸ್ಕೃತದ 'ವರ್ಣ' ಶಬ್ದದ ತದ್ಭವ. ಇದರ ಮೂಲವನ್ನು ಬಲ್ಲವರು 'ವೃ' ಧಾತುವಿನಲ್ಲಿ ಕಾಣುತ್ತಾರೆ. ಆ ಧಾತುವಿಗೆ ಮುಚ್ಚು, ಆವರಿಸು ಎಂಬ ಅರ್ಥಗಳುಂಟು. ಹಾಗಾದರೆ ಹೊದಿಕೆಯಾಗಿ ಕಾಯುವುದು ಬಣ್ಣದ ಮೊದಲ ಧರ್ಮ. ಕಣ್ಣಿಗೆ ಚೆಲುವಾಗಿ ತೋರುವುದು ಎರಡನೆಯದು. ಕಿಟಕಿಯ ಸರಳು, ಮುಂಬದಿಯ ಗೇಟು, ಬೀರು, ಪ್ರಸಾದನಿಲಯದ ಮಂಚ ಮೊದಲಾದವುಗಳ ವಿಷಯದಲ್ಲಿ ಈ ಧಾತ್ವರ್ಥವನ್ನು ಮರೆತರೆ ವರ್ಷ ವರ್ಷವೂ ಹಣ ವ್ಯಯವಾಗುವುದೇ ಹೊರತು ವಸ್ತು ಉಳಿಯದು. ದಾನಿಗಳ ದಾಸೋಹಭಾವದಿಂದ ನಡೆಯುವ ಸಂಸ್ಥೆಗಳಿಗೆ ಇದು ಸಣ್ಣ ಮಾತಲ್ಲ.

ಲೋಹದ ಕೇಡನ್ನು ಹೇಳಲು ಕನ್ನಡದಲ್ಲಿ ಎರಡು ಮಾತುಗಳಿವೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆ, ಕಂಚುಗಳಿಗೆ ಏರುವುದು ಕಿಲುಬು. ಈ ಭೇದವನ್ನು ರಸಾಯನಶಾಸ್ತ್ರವೂ ಎತ್ತಿಹಿಡಿಯುತ್ತದೆ. ಬಯಲಿನಲ್ಲಿರುವ ತಾಮ್ರದ ಹಸುರು ಪದರವು ಮೈಗೆ ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹದ ಸವೆತವನ್ನು ಬಹುಮಟ್ಟಿಗೆ ತಡೆಯುತ್ತದೆ. ಅಲ್ಯೂಮಿನಿಯಂ ಮೇಲೂ ಕಣ್ಣಿಗೆ ಕಾಣದ ಅಂಥದೊಂದು ಪದರವಿದೆ. ಕಬ್ಬಿಣದ ತುಕ್ಕಾದರೋ ಸಡಿಲವಾದುದು, ರಂಧ್ರಮಯವಾದುದು. ನೀರು ಮತ್ತು ಆಮ್ಲಜನಕ ಅದರೊಳಗೆ ಹಾದು ಹೊಸ ಲೋಹವನ್ನು ಮುಟ್ಟುತ್ತವೆ. ಮೇಲಾಗಿ, ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕ ಸ್ಥಳವನ್ನು ಬೇಡುತ್ತದೆ. ಆದುದರಿಂದಲೇ ತುಕ್ಕಿನ ಮೇಲೆ ಬಳಿದ ಬಣ್ಣ ಒಳಗಿನಿಂದ ಉಬ್ಬಿ ಒಡೆಯುತ್ತದೆ.

ದೆಹಲಿಯ ಕಬ್ಬಿಣದ ಸ್ತಂಭಕ್ಕೆ ಬಣ್ಣವಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಸುಮಾರು 7 ಮೀಟರ್ ಎತ್ತರದ, 6 ಟನ್ನಿಗೂ ಮಿಕ್ಕ ತೂಕದ ಆ ಸ್ತಂಭ ಗುಪ್ತರ ಕಾಲದ್ದು. ಅದರ ಕಬ್ಬಿಣದಲ್ಲಿ ರಂಜಕದ ಅಂಶ ಇಂದಿನ ಉಕ್ಕಿಗಿಂತ ಹೆಚ್ಚು. ಆ ರಂಜಕದಿಂದ ಮೈಮೇಲೆ ರಕ್ಷಕ ಪದರವೊಂದು ಕಟ್ಟಿಕೊಂಡಿರುವುದನ್ನು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಹ್ಮಣ್ಯಂ ಅವರು ವಿವರಿಸಿದ್ದಾರೆ. ನಮ್ಮ ಕಿಟಕಿಯ ಸರಳಿಗೆ ಹುಟ್ಟಿನಿಂದ ಆ ಕವಚವಿಲ್ಲ, ನಾವೇ ತೊಡಿಸಬೇಕು.

ತೊಡಿಸುವ ಕ್ರಮ ಹೀಗಿದೆ. ಮೊದಲನೆಯದು ಶೋಧನ. ಸಡಿಲವಾದ ತುಕ್ಕನ್ನೂ ಎದ್ದ ಬಣ್ಣವನ್ನೂ ತಂತಿಯ ಬ್ರಷ್ಷಿನಿಂದ ತೆಗೆದು, ಎಮರಿ ಕಾಗದದಿಂದ ಉಜ್ಜಬೇಕು. ಜಿಡ್ಡನ್ನು ಸಾಬೂನಿನ ನೀರಿನಿಂದ ತೊಳೆದು ಪೂರ್ಣವಾಗಿ ಒಣಗಿಸಬೇಕು. ಎರಡನೆಯದು ಪ್ರೈಮರ್. ಉಜ್ಜಿದ ಕಬ್ಬಿಣವನ್ನು ರಾತ್ರಿಯ ತೇವಕ್ಕೆ ಬಿಡದೆ ಅದೇ ದಿನ ಇದನ್ನು ಬಳಿಯಬೇಕು. ಸಾಮಾನ್ಯವಾಗಿ ದೊರೆಯುವ ಕೆಂಪು ಪ್ರೈಮರಿನ ಬಣ್ಣವೂ ಕಬ್ಬಿಣದ ಆಕ್ಸೈಡಿನದೇ. ಕಾವಿಮಣ್ಣಿನ ಕೆಂಪೂ ಅದರಿಂದಲೇ ಬಂದುದು. ಮೂರನೆಯದು ಎನಾಮಲ್. ಒಂದು ದಪ್ಪ ಲೇಪಕ್ಕಿಂತ ಎರಡು ತೆಳು ಲೇಪಗಳು ಮೇಲು. ದಪ್ಪ ಲೇಪದ ಮೇಲ್ಮೈ ಒಣಗಿದರೂ ಒಳಗು ಹಸಿಯಾಗಿಯೇ ಉಳಿದು ಸುಕ್ಕುಗಟ್ಟುತ್ತದೆ. ಒಂದು ಲೇಪಕ್ಕೂ ಇನ್ನೊಂದಕ್ಕೂ ನಡುವೆ ಒಂದು ರಾತ್ರಿಯ ಅಂತರವಿರಲಿ. ಅಂಚು, ಮೂಲೆ, ಬೆಸುಗೆಯ ಜಾಗಗಳಲ್ಲಿ ಬಣ್ಣ ತೆಳುವಾಗಿ ನಿಲ್ಲುವುದರಿಂದ ಅಲ್ಲಿಗೆ ಮೊದಲು ಪ್ರತ್ಯೇಕವಾಗಿ ಬಳಿಯುವುದು ಒಳ್ಳೆಯದು. ಸರಳು ಚೌಕಟ್ಟನ್ನು ಸೇರುವ ಕೆಳತುದಿಯಲ್ಲಿ ನೀರು ನಿಲ್ಲುವುದು. ತುಕ್ಕು ಆರಂಭವಾಗುವುದೂ ಅಲ್ಲಿಯೇ. ಮಳೆಯಲ್ಲಾಗಲಿ, ಇಬ್ಬನಿ ಆರುವ ಮುನ್ನವಾಗಲಿ, ಸುಡುಬಿಸಿಲಿಗೆ ಕಾದ ಲೋಹದ ಮೇಲಾಗಲಿ ಬಣ್ಣ ಬಳಿಯಬಾರದು.

ಎಲ್ಲ ಲೋಹಕ್ಕೂ ಒಂದೇ ವಿಧಿ ಸಲ್ಲದು. ಸತುವಿನ ಲೇಪವಿರುವ ಹೊಸ ತಗಡಿನ ಮೇಲೆ ನೇರವಾಗಿ ಎನಾಮಲ್ ಬಳಿದರೆ, ಬಣ್ಣದಲ್ಲಿರುವ ಎಣ್ಣೆಯ ಅಂಶ ಸತುವಿನೊಡನೆ ಕೂಡಿ ಸಾಬೂನಿನಂಥ ವಸ್ತುವಾಗುತ್ತದೆ. ಲೇಪ ಹಾಳೆಹಾಳೆಯಾಗಿ ಕಳಚುತ್ತದೆ. ಅದಕ್ಕೆಂದೇ ಮಾಡಿದ ಪ್ರೈಮರನ್ನು ಮೊದಲು ಕೊಡಬೇಕು. ತಾಮ್ರ, ಹಿತ್ತಾಳೆಯ ಪಾತ್ರೆಗಳ ಒಳಮೈಗೆ ಹಿರಿಯರು ಕಂಡುಕೊಂಡ ಹೊದಿಕೆ ತವರದ ಕಲಾಯಿ. ಅಡುಗೆಯ ಪಾತ್ರೆಗೂ ಕುಡಿಯುವ ನೀರಿನ ತೊಟ್ಟಿಯ ಒಳಗೂ ಮನೆಬಳಕೆಯ ಎನಾಮಲ್ ಸರ್ವಥಾ ಕೂಡದು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ಅಮರಕೋಶವು ಸಿಂದೂರಕ್ಕೆ 'ನಾಗಸಂಭವ' ಎಂಬ ಪರ್ಯಾಯಪದವನ್ನು ಕೊಡುತ್ತದೆ. ಇಲ್ಲಿ ನಾಗ ಎಂದರೆ ಸೀಸ. ಸೀಸದಿಂದಾದ ಈ ಕೆಂಪು ಪುಡಿಯೇ ಒಂದು ಕಾಲದಲ್ಲಿ ಕಬ್ಬಿಣದ ಪ್ರೈಮರ್ ಆಗಿತ್ತು. ಹೊಳಪಿನ ಎನಾಮಲ್‌ಗಳಲ್ಲಿಯೂ ಸೀಸದ ಸಂಯುಕ್ತಗಳು ಸೇರುತ್ತಿದ್ದವು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ವಿಷ. ಇಷ್ಟರಮಟ್ಟಿಗೆ ಅಪಾಯವಿಲ್ಲ ಎನ್ನಬಹುದಾದ ಯಾವ ಪ್ರಮಾಣವನ್ನೂ ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿಲ್ಲ. 2016ರಲ್ಲಿ ಭಾರತ ಸರ್ಕಾರವು ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ನಿಯಮಿಸಿತು. ನಿಯಮವು 2017ರ ನವೆಂಬರಿನಿಂದ ಜಾರಿಗೆ ಬಂದಿತು. ಆದರೆ ಅದಕ್ಕಿಂತ ಹಿಂದೆ ಬಳಿದ ಪದರಗಳು ಹಳೆಯ ಸರಳುಗಳ ಮೇಲೆ ಇನ್ನೂ ಇರಬಹುದು. ಅವನ್ನು ಒಣಗಿದಂತೆಯೇ ಉಜ್ಜಬಾರದು, ಬೆಂಕಿಯಿಂದ ಸುಡಬಾರದು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೂಗುಬಾಯಿಗಳಿಗೆ ಧೂಳು ತಡೆಯುವ ಮಾಸ್ಕ್ ತೊಟ್ಟು, ನೀರು ಚಿಮುಕಿಸಿ ಉಜ್ಜಿ, ಒಡನೆಯೇ ಒರೆಸಿ ಒಣಗಿಸಬೇಕು. ಉದುರಿದ ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ತೆಗೆಯಬೇಕು. ಮಕ್ಕಳನ್ನು ದೂರವಿರಿಸಬೇಕು.

ಮಕ್ಕಳಿಗೆ ಈ ಕಾಯಕವನ್ನು ಕಲಿಸಬಯಸುವ ಉಪಾಧ್ಯಾಯರು ಹಳೆಯ ಕಿಟಕಿಯನ್ನು ಬಿಟ್ಟು, ಹಿಂದೆಂದೂ ಬಣ್ಣ ಕಾಣದ ಹೊಸ ಕಬ್ಬಿಣದ ತುಂಡೊಂದನ್ನು ಆರಿಸಿಕೊಳ್ಳಲಿ. ಅದರ ಅರ್ಧಕ್ಕೆ ವಿಧಿವತ್ತಾಗಿ ಲೇಪನ ಮಾಡಿಸಿ, ಉಳಿದರ್ಧವನ್ನು ಬರಿದೆ ಬಿಟ್ಟು, ಒಂದು ಮಳೆಗಾಲ ಬಯಲಿನಲ್ಲಿರಿಸಲಿ. ಪಾಠದ ಉಳಿದ ಭಾಗವನ್ನು ಆ ತುಂಡೇ ಹೇಳುವುದು.