ತಲೆಸುತ್ತು, ಕಿವಿಯಲ್ಲಿ ಗುಂಯ್ ಸದ್ದು: ಕೊಕ್ಕೆಹುಳುವನ್ನೂ ವಿಚಾರಿಸಿ



ಸಂಘದ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಆರೋಗ್ಯದ ಮಾತು ತೆಗೆದರೆ ಸಾಕು, "ಸಿಸ್ಟರ್, ಎದ್ದು ನಿಂತರೆ ತಲೆ ಸುತ್ತುತ್ತೆ, ಕಣ್ಣು ಕತ್ತಲೆ ಬರುತ್ತೆ, ಕಿವೀಲಿ ಗುಂಯ್ ಅನ್ನುತ್ತೆ" ಎನ್ನುತ್ತೀರಿ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಎಲ್ಲಿ ಹೋದರೂ ಇದೇ ದೂರು. ಒಬ್ಬರು ಪಿತ್ತ ಅಂತಾರೆ, ಇನ್ನೊಬ್ಬರು ದೃಷ್ಟಿ ಅಂತಾರೆ. ಮನೆಯವರು "ಕೆಲಸ ತಪ್ಪಿಸೋಕೆ ನಾಟಕ" ಅಂತಾರೆ. ನಾಟಕ ಅಲ್ಲ. ಬಹಳ ಸಲ ಇದು ರಕ್ತಹೀನತೆಯ ಗುರುತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇತ್ತು.

ರಕ್ತಕ್ಕೂ ಕಿವಿಗೂ ಏನು ಸಂಬಂಧ? ರಕ್ತ ತೆಳುವಾದಾಗ ಮೈಗೆ ಬೇಕಾದ ಉಸಿರುಗಾಳಿ ಮುಟ್ಟಿಸಲು ಹೃದಯ ಜೋರಾಗಿ ಬಡಿಯಬೇಕಾಗುತ್ತದೆ. ಕುತ್ತಿಗೆಯ ದೊಡ್ಡ ರಕ್ತನಾಳಗಳು ಕಿವಿಯ ಹತ್ತಿರವೇ ಹೋಗುವುದರಿಂದ ರಕ್ತ ರಭಸವಾಗಿ ಹರಿಯುವ ಸದ್ದು ನಮಗೇ ಕೇಳುತ್ತದೆ, ರಾತ್ರಿ ಮಲಗಿದಾಗ ಹೆಚ್ಚು. ಮೆದುಳಿಗೆ ಸಾಕಷ್ಟು ಉಸಿರುಗಾಳಿ ಸಿಗದಿದ್ದರೆ ತಲೆಸುತ್ತು. ಇದಕ್ಕೆ ಕಿವಿಗೆ ಬಿಸಿ ಎಣ್ಣೆ ಬಿಟ್ಟರೆ ಕಿವಿ ಕೆಡುವುದೇ ಹೊರತು ಸದ್ದು ನಿಲ್ಲದು.

ರಕ್ತ ಎಲ್ಲಿ ಹೋಗುತ್ತದೆ? ಹೆಚ್ಚು ಮುಟ್ಟು, ಮೇಲಿಂದ ಮೇಲೆ ಹೆರಿಗೆ, ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವುದು, ಇವೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ ಕಳ್ಳ ಒಬ್ಬನಿದ್ದಾನೆ: ಕೊಕ್ಕೆಹುಳು. ರೇಷ್ಮೆಹುಳು ಸಾಕುವ ನಮಗೆ ಹುಳು ಹೊಸದಲ್ಲ, ಆದರೆ ಇದು ಕರುಳೊಳಗೆ ಕಚ್ಚಿ ಕೂತು ರಕ್ತ ಕುಡಿಯುವ ಜಾತಿ. ಉದ್ದ ಸುಮಾರು ಒಂದು ಸೆಂಟಿಮೀಟರ್. ಬಯಲಲ್ಲಿ ಮಾಡಿದ ಮಲದೊಳಗಿನ ಮೊಟ್ಟೆ ತೇವದ, ನೆರಳಿನ ಮಣ್ಣಲ್ಲಿ ಮರಿಯಾಗುತ್ತದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ, ಟೊಮೆಟೊ ತೋಟಕ್ಕೆ ನೀರು ಕಟ್ಟುವಾಗ ಚಪ್ಪಲಿ ಕೆಸರಲ್ಲಿ ಸಿಕ್ಕಿಕೊಳ್ಳುತ್ತೆ ಅಂತ ಬದುವಿನ ಮೇಲೆ ಬಿಟ್ಟು ಇಳಿಯುತ್ತೀರಲ್ಲ, ಆಗ ಮರಿ ಕಾಲಿನ ಚರ್ಮ ತೂರಿ ಒಳಗೆ ಹೋಗುತ್ತದೆ. ಬೆರಳ ಸಂದಿಯಲ್ಲಿ ನವೆ ಬರಬಹುದು. ಅಲ್ಲಿಂದ ರಕ್ತದ ಮೂಲಕ ಶ್ವಾಸಕೋಶ, ಗಂಟಲು, ಕೊನೆಗೆ ಕರುಳು. ಅಲ್ಲಿ ಕೆಲವು ವರ್ಷವೇ ಬದುಕಬಲ್ಲದು.

ದಕ್ಷಿಣ ಭಾರತದಲ್ಲಿ ಹೆಚ್ಚಾಗಿರುವ ಜಾತಿಯ ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.03 ಮಿಲಿ ರಕ್ತ ನಷ್ಟ. ಇಷ್ಟೇನಾ ಅನ್ನಬೇಡಿ. ಲೆಕ್ಕ ಬರೆಯುವ ಅಕ್ಕ ಗುಣಿಸಿ ನೋಡಲಿ: ನೂರು ಹುಳು ಇದ್ದರೆ ದಿನಕ್ಕೆ 3 ಮಿಲಿ, ತಿಂಗಳಿಗೆ 90 ಮಿಲಿ. ಸಾಮಾನ್ಯ ಮುಟ್ಟಿನಲ್ಲಿ ಹೋಗುವುದು 30-40 ಮಿಲಿ. ಅಂದರೆ ತಿಂಗಳಿಗೆ ಇನ್ನೆರಡು ಸಲ ಮುಟ್ಟಾದ ಹಾಗೆ!

ಸಂಘದ ಸಾಲ ತೆಗೆದು "ಬಾಟ್ಲಿ" ಏರಿಸಿಕೊಂಡು ಬರುವವರನ್ನು ನಾವು ಬಹಳ ನೋಡಿದ್ದೇವೆ. ಗ್ಲೂಕೋಸ್ ಬಾಟ್ಲಿಯಲ್ಲಿರುವುದು ಸಕ್ಕರೆ ನೀರು. ಎರಡು ದಿನ ಚೈತನ್ಯ ಬಂದ ಹಾಗಾಗುತ್ತದೆ, ರಕ್ತ ಒಂದು ಹನಿಯೂ ಹೆಚ್ಚುವುದಿಲ್ಲ. ಸಾಲ ಮಾತ್ರ ಉಳಿಯುತ್ತದೆ.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಹೆಂಗಸರಿಗೆ 12, ಬಸುರಿಯರಿಗೆ 11 ಇರಬೇಕು. ಕಡಿಮೆ ಇದ್ದರೆ ಮಲ ಪರೀಕ್ಷೆಯನ್ನೂ ಕೇಳಿ. ನಾಚಿಕೆ ಬೇಡ. ಅದೇ ಸಮಯಕ್ಕೆ ಬಿಪಿ, ಸಕ್ಕರೆ ನೋಡಿಸಿ, ಏಕೆಂದರೆ ಎಲ್ಲ ತಲೆಸುತ್ತೂ ಹುಳುವಿನದಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮನೆಯೇ ತಿರುಗಿದ ಹಾಗಾದರೆ, ಒಂದೇ ಕಿವಿಯಲ್ಲಿ ಸದ್ದು ಅಥವಾ ಕೀವು ಇದ್ದರೆ ಕಿವಿ ಡಾಕ್ಟರಿಗೆ ತೋರಿಸಿ. ಸುಮ್ಮನೆ ಕೂತಿದ್ದರೂ ಏದುಸಿರು, ಕಾಲು ಊತ ಇದ್ದರೆ ಕಾಯಬೇಡಿ, ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಹೋಗಿ.

ಹುಳುವಿಗೆ ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ, ಸಾಮಾನ್ಯವಾಗಿ ಒಂದೇ ಸಲ. 2015ರಿಂದ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಇದನ್ನು ಕೊಡುತ್ತಾರೆ. ಆದರೆ ಗಮನಿಸಿ: ಅದು 1ರಿಂದ 19 ವಯಸ್ಸಿನವರಿಗೆ. ಮಕ್ಕಳಿಗೆ ನುಂಗಿಸಿ ಬರುವ ತಾಯಿಗೆ ಯಾರೂ ತಾವಾಗಿ ಕೊಡುವುದಿಲ್ಲ, ನೀವೇ ಡಾಕ್ಟರನ್ನು ಕೇಳಬೇಕು. ಬಸುರಿಯಾಗಿ ಮೊದಲ ಮೂರು ತಿಂಗಳಲ್ಲಿ ಈ ಮಾತ್ರೆ ಬೇಡ. ಮುಟ್ಟು ನಿಂತಿದ್ದರೆ ಮೊದಲೇ ಹೇಳಿಬಿಡಿ.

ಹುಳು ಹೋದರೆ ಕಳ್ಳತನ ನಿಂತಿತು, ಹೋದ ರಕ್ತ ತಿರುಗಿ ಬರಲು ಕಬ್ಬಿಣದ ಮಾತ್ರೆ ಬೇಕು. ಹತ್ತು ದಿನಕ್ಕೆ ಬಿಡುವವರೇ ಹೆಚ್ಚು. ಮಲ ಕಪ್ಪಾಗುವುದು ಸಹಜ, ಹೆದರಬೇಡಿ. ವಾಕರಿಕೆ ಬಂದರೆ ಊಟವಾದ ಮೇಲೆ ತಗೊಳ್ಳಿ. ನಿಂಬೆರಸ, ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ-ಟೀ, ಹಾಲು ಆ ಹೊತ್ತಿಗೆ ಬೇಡ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಡಾಕ್ಟರು ಹೇಳಿದಷ್ಟು ತಿಂಗಳು ಮುಂದುವರಿಸಿ. ಮುದ್ದೆ, ಹುರುಳಿ ಸಾರು, ಸೊಪ್ಪಿನ ಬಸ್ಸಾರು ಇರಲಿ, ಆದರೆ ಇಷ್ಟು ಕಡಿಮೆಯಾದ ರಕ್ತ ಊಟದಿಂದಲೇ ತುಂಬುವುದಿಲ್ಲ.

ಕಟ್ಟಿಸಿದ ಶೌಚಾಲಯದಲ್ಲಿ ಸೌದೆ ಒಟ್ಟಿರುವ ಮನೆಗಳನ್ನೂ ನೋಡಿದ್ದೇವೆ! ಸೌದೆ ಹೊರಗೆ ಹಾಕಿ. ಹೊಲಕ್ಕೆ ರಬ್ಬರ್ ಬೂಟು ಅಥವಾ ಬಿಗಿಯಾದ ಚಪ್ಪಲಿ ಇರಲಿ. ಇಲ್ಲವಾದರೆ ಈ ಸಲ ಹೋದ ಹುಳು ಮುಂದಿನ ಮಳೆಗೆ ಮತ್ತೆ ಹತ್ತುತ್ತದೆ.

ಮುಂದಿನ ಸಭೆಯಲ್ಲಿ ಮಾತಾಡಿ: ನಮ್ಮ ಸಂಘದಲ್ಲಿ ಎಷ್ಟು ಜನಕ್ಕೆ ತಲೆಸುತ್ತು, ಕಿವಿಸದ್ದು ಇದೆ? ಕಳೆದ ವರ್ಷ ಬಾಟ್ಲಿಗೆ ಎಷ್ಟು ಸಾಲ ಹೋಯಿತು? ಎಲ್ಲರೂ ಒಟ್ಟಿಗೆ ರಕ್ತಪರೀಕ್ಷೆಗೆ ಹೋಗಲು ಆಶಾ ಕಾರ್ಯಕರ್ತೆಯ ಜೊತೆ ಯಾವ ದಿನ ಗೊತ್ತು ಮಾಡೋಣ?